ಕುಂಬಾರ ಗುಡ್ಡ ನೋಡದ ಇಂಜಿನಿಯರ್

(ಕುರುಗೋಡು. ಭತ್ತದ ಕೊಯ್ಲಿನ ಕಾಲ, ಬೆಳಗಿನ ಆರೂವರೆ. ಬಳ್ಳಾರಿಯಿಂದ ಸೈಕಲ್ ತುಳಿದು ಬಂದು ನೆಂಟರ ಮನೆಯಲ್ಲಿ ಮಲಗೆದ್ದ ಸೋದರಮಾವ, ಅಳಿಯ ಹಳೇ ಊರಿನ ಓಣಿಯಲ್ಲಿ ಹೊರಟಿದ್ದಾರೆ.)

ಮಾವ: ಯಾಕಲೇ, ಕುದುರೆ ಇಳಿದೋನಂಗೆ ಕಾಲಗಲಿಸಿ ನಡೀತೀಯ?

ಅಳಿಯ: ಸೀಟು ಮಾವ! ಲಕ್ಷ ರೂಪಾಯಿ ಸೈಕಲ್ಲು, ಕೂರಾಕೆ ಅಂಗೈ ಅಗಲ ಜಾಗ.

ಮಾವ: ನನ್ನ ಅಟ್ಲಾಸ್ ನೋಡು, ಸ್ಪ್ರಿಂಗ್ ಸೀಟು. ಹಿಂದೆ ಅಕ್ಕಿಚೀಲ ಕಟ್ಟಿದ್ರೂ ತಕರಾರಿಲ್ಲ.

ಅಳಿಯ: ಆಫೀಸಿನೋರು ಫ್ರಾನ್ಸಿನಾಗೆ ಸೈಕಲ್ ಹೊಡೀತಾರೆ. ಹಳೇ ಪೇಟೆ, ಕಲ್ಲಿನ ಓಣಿ, ಗುಡ್ಡದ ಮೇಲೆ ಕೋಟೆ...

ಮಾವ: ಇಲ್ಲೇನು ಕಮ್ಮಿ? ಕಲ್ಲು ಬೇಕಾದಷ್ಟು, ಗುಡ್ಡ ಎದುರಿಗೇ ಐತೆ. ಕಲ್ಯಾಣ ಚಾಲುಕ್ಯರ ಸಾಮಂತರು ಸಿಂದರು ಆಳಿದ ಊರಪ್ಪ ಇದು.

ಅಳಿಯ: ಆದ್ರೆ ಫ್ರೆಂಚರಿಲ್ಲ.

ಮಾವ: ಬಳ್ಳಾರಿಗೆ ಬಂದಿದ್ದನಲ್ಲ ಒಬ್ಬ! ಕೋಟೆ ಭದ್ರ ಮಾಡಾಕೆ ಹೈದರಾಲಿ ಫ್ರೆಂಚ್ ಇಂಜಿನಿಯರ್‌ನ ಕರೆಸಿದ್ದ ಅಂತ ಕತೆ. ಕೆಲಸ ಮುಗಿದ ಮೇಲೆ ನೋಡ್ತಾರೆ, ಪಕ್ಕದ ಕುಂಬಾರ ಗುಡ್ಡ ಕೋಟೆಗಿಂತ ಎತ್ತರ! ಅಲ್ಲಿ ತೋಪು ಇಟ್ರೆ ಗುಂಡು ಸೀದಾ ಒಳಗೆ.

ಅಳಿಯ: ಹೈದರ್ ಏನಂದ?

ಮಾವ: ಅನ್ನೋದೇನು, ಗಲ್ಲಿಗೇರಿಸಿದ ಅಂತಾರೆ.

ಅಳಿಯ: ಅಯ್ಯೋ! ನಾವಾದ್ರೆ ‘ಮುಂದಿನ ಅಪ್‌ಡೇಟಿನಾಗೆ ಸರಿಮಾಡ್ತೀವಿ’ ಅಂದು ಕೈ ತೊಳಕೊಳ್ತೀವಿ.

ಮಾವ: ಪುಣ್ಯವಂತ, ತಡವಾಗಿ ಹುಟ್ಟಿದಿ.

(ದೊಡ್ಡಬಸವೇಶ್ವರ ಗುಡಿ.)

ಅಳಿಯ: ಅಬ್ಬಾ! ಒಂದೇ ಕಲ್ಲಿನ ಬಸವಣ್ಣ! ಇಷ್ಟು ದೊಡ್ಡದು ಬಾಗಲದಾಗೆ ಹೆಂಗೆ ಹಿಡಿಸ್ತು?

ಮಾವ: ಯಾವುದು ಎಷ್ಟು ಎತ್ತರ ಅಂತ ಮೊದಲೇ ನೋಡಿರ್ತಾರೆ. ಫ್ರೆಂಚನಂಗಲ್ಲ.

(ಗುಡಿ ಹೊರಗಿನ ಬಂಡಿ. ಇಬ್ಬರ ಕೈಯಲ್ಲೂ ವಗ್ಗರಣಿ ಮಂಡಕ್ಕಿ, ಬಿಸಿ ಮಿರ್ಚಿ.)

ಅಳಿಯ: ಇನ್ನ ಚಿಂತೆಯಿಲ್ಲ ಮಾವ. ಸಿರುಗುಪ್ಪದ ದಾರಿ ಪೂರಾ ಸಪಾಟು, ಅಡ್ಡಿ ಇಲ್ಲ ಅಂತೈತೆ ಈ ಆಪು.

ಮಾವ: ಸಪಾಟೇ. ಎಡಬಲ ಭತ್ತದ ಗದ್ದೆ, ಆ ಕಡೆ ತುಂಗಭದ್ರೆ. ಆದ್ರೆ ಈಗ ಅರ್ಧ ರಸ್ತೆ ತುಂಬ ಭತ್ತ ಹರವಿರ್ತಾರೆ. ಅಂಚಿಗೆ ಸಾಲಾಗಿ ಕಲ್ಲು ಬೇರೆ. ಅದು ಆಪಿನಾಗೆ ಐತೇನು?

ಅಳಿಯ: (ಫೋನ್ ಒರೆಸಿ ನೋಡಿ) ಇಲ್ಲ...

ಮಾವ: ಹಂಗಾದ್ರೆ ಇದನ್ನ ಮಾಡಿದೋನು ಆ ಫ್ರೆಂಚನ ವಂಶದೋನೇ!

ಅಳಿಯ: (ಮಿರ್ಚಿ ನೆತ್ತಿಗೇರಿ) ಮಾವಾ... ಅದನ್ನ ಮಾಡಿದ್ದು ನಮ್ಮ ಟೀಮು.

ಮಾವ: ನಿಧಾನ, ನೀರು ಕುಡಿ. ಹೈದರಾಲಿಗೆ ನಾನೇನೂ ಹೇಳಲ್ಲ. ಎಣ್ಣಿ ಕೈ ಒರೆಸಿಕೊಂಡು ಅಟ್ಲಾಸಿನ ಹಿಂದೆ ಬಾ.