ಫಿರ್ಕಿ ಮೀಮಾಂಸೆ ಅಥವಾ ಭಾಯಿ–ಬೇನ್ ಪ್ರತ್ಯಯ ಪ್ರಕರಣ

ವಿಷಯ: ನಂಟು ಹುಟ್ಟುವುದು ರಕ್ತದಿಂದಲೋ, ವ್ಯಾಕರಣದಿಂದಲೋ? ಕನ್ನಡದ ವ್ಯಾಕರಣಕಾರ ಕೇಶಿರಾಜನ ಕಣ್ಣಿಗೆ ಬೀಳದ ಎರಡು ಪ್ರತ್ಯಯಗಳು ಗುಜರಾತಿನಲ್ಲಿವೆ: ಭಾಯಿ, ಬೇನ್. ಯಾವ ಹೆಸರಿಗೆ ಹತ್ತಿದರೂ ಪರಕೀಯತೆಗೆ ಲೋಪ, ಸೋದರತ್ವಕ್ಕೆ ಆಗಮ. ಅಹಮದಾಬಾದಿನ ಪೋಳಿನಲ್ಲಿ, ಅಂದರೆ ಹಳೇ ಊರಿನ ಓಣಿಯಲ್ಲಿ, ಬಾಡಿಗೆಗೆ ಇಳಿದ ಮರುದಿನವೇ ಹಾಲಿನವನು ಪ್ರಸ್ತುತ ಸಂಶೋಧಕನನ್ನು ಗುರುರಾಜನಿಂದ ಗುರುಭಾಯಿಗೆ ಏರಿಸಿದ. ಬಾಕಿಯನ್ನು ಮಾತ್ರ ಇಳಿಸಲಿಲ್ಲ.

ಪ್ರಮಾಣ 1, ವಡೋದರಾ: ಗಂಗಾನಾಥ ವಿದ್ಯಾಲಯದ ಮೇಷ್ಟ್ರುಗಳು ಒಬ್ಬರಿಗೊಬ್ಬರು ಏನೂ ಆಗಬೇಕಿರಲಿಲ್ಲ. ಶಾಲೆ ಮನೆಯಂತಿರಲೆಂದು ಫಡಕೆಯವರು ‘ಮಾಮಾ’ ಆದರು. ಬೆಳಗಾವಿಯಲ್ಲಿ ಪಾಠ ಹೇಳಿ 1910ರಲ್ಲಿ ಇಲ್ಲಿಗೆ ಬಂದ ಕಾಲೇಲ್ಕರ್ ‘ಕಾಕಾ’ ಆದರು. 1912ರಲ್ಲಿ ಶಾಲೆ ಮುಚ್ಚಿತು, ಕಾಕಾತನ ಮುಚ್ಚಲಿಲ್ಲ. 1981ರಲ್ಲಿ ತೀರಿಕೊಳ್ಳುವವರೆಗೂ ಅವರು ದೇಶಕ್ಕೇ ಚಿಕ್ಕಪ್ಪ. ಸಾತಾರಾದಲ್ಲಿ ಹುಟ್ಟಿದ ಈ ಮರಾಠಿಗರನ್ನು ಗಾಂಧೀಜಿ ‘ಸವಾಯಿ ಗುಜರಾತಿ’, ಅಂದರೆ ಒಂದೂಕಾಲು ಗುಜರಾತಿ, ಎಂದು ಕರೆದರು. ಹೆಚ್ಚಿನ ಕಾಲು ಎಲ್ಲಿಂದ ಬಂತು? ವ್ಯಾಪಾರಿಗಳ ನಾಡು, ಹೊರಗಿನಿಂದ ಬಂದ ನಂಟಿಗೂ ಬಡ್ಡಿ ಸೇರುತ್ತದೆ.

ಪ್ರಮಾಣ 2, ಸೂರತ್: ಶರದ್ ಪೂರ್ಣಿಮೆಯ ಮರುದಿನ ಚಂದನಿ ಪಡವೋ. ಊರಿಗೆ ಊರೇ ಘಾರಿ ಎಂಬ ಸಿಹಿತಿಂಡಿ ಕಟ್ಟಿಕೊಂಡು ಬೆಳದಿಂಗಳಿಗೆ ಬರುತ್ತದೆ. ತುಪ್ಪದಲ್ಲಿ ಮುಳುಗೆದ್ದ ಘಾರಿಯನ್ನು ಒಬ್ಬನೇ ತಿಂದು ಮುಗಿಸುವುದು ವೈದ್ಯಶಾಸ್ತ್ರಕ್ಕೆ ವಿರುದ್ಧ. ಆದ್ದರಿಂದ ಪಕ್ಕದ ಚಾಪೆಯವರು ಕಾಕಾ–ಕಾಕಿ ಆಗಲೇಬೇಕು.

ಪೂರ್ವಪಕ್ಷ: ಪುಕ್ಕಟೆ ಸಿಗುವ ಪ್ರತ್ಯಯಕ್ಕೆ ಬೆಲೆಯೇನು? 1915ರಲ್ಲಿ ಅಹಮದಾಬಾದಿನ ಕೋಚರಬ್ ಆಶ್ರಮಕ್ಕೆ ‘ಅಸ್ಪೃಶ್ಯ’ರೆನಿಸಿಕೊಂಡ ದೂದಾಭಾಯಿಯ ಸಂಸಾರ ಬಂತು. ಹೆಸರಿನಲ್ಲೇ ಭಾಯಿ ಇತ್ತು. ಆದರೂ ಬಾವಿಯ ಬಳಿ ಪ್ರತ್ಯಯ ಕೆಲಸ ಮಾಡಲಿಲ್ಲ. ಬೈಗುಳ ಬಂತು, ಆಶ್ರಮಕ್ಕೆ ಬರುತ್ತಿದ್ದ ಹಣ ನಿಂತಿತು. ವ್ಯಾಕರಣ ಅಲ್ಲಿಗೆ ಮುಗಿಯಿತು. ಆಶ್ರಮ ಅವರನ್ನು ಬಿಟ್ಟುಕೊಡಲಿಲ್ಲ. ಅವರ ಮಗಳು ಲಕ್ಷ್ಮಿ ಗಾಂಧೀಜಿಗೂ ಮಗಳಾದಳು. ನಂಟು ಶುರುವಾದದ್ದು ಅಲ್ಲಿ.

ಸಿದ್ಧಾಂತ: ಜನವರಿ 14, ಉತ್ತರಾಯಣ, ಪೋಳಿನ ತಾರಸಿ. ಪಟ ಹಾರಿಸಲು ಒಬ್ಬ ಸಾಕು, ದಾರದ ಫಿರ್ಕಿ ಹಿಡಿಯಲು ಇನ್ನೊಬ್ಬರು ಬೇಕು. ನನ್ನ ಪಟ ಕತ್ತರಿಸಿ ‘ಕಾಯ್ಪೋ ಛೇ’ ಎಂದು ಕುಣಿದವರೆಲ್ಲ ಭಾಯಿಗಳೇ. ಪಟ ಹೋದ ಮೇಲೂ ಕೂತು, ಉಳಿದ ದಾರವನ್ನು ಸಿಕ್ಕು ಬಿಡಿಸಿ ಸುತ್ತಿಕೊಟ್ಟವರು ಕೆಳಮನೆಯ ಮಾಸಿ, ಅಂದರೆ ಚಿಕ್ಕಮ್ಮ. ಇದೇ ಬಂಧು ಲಕ್ಷಣ.

ಉಪಸಿದ್ಧಾಂತ: ದಾರ ಸುತ್ತಿದವರಿಗೆ ‘ಸಂಬಳವೆಷ್ಟು, ಮದುವೆ ಯಾವಾಗ’ ಎಂದು ಕೇಳುವ ಹಕ್ಕು ಪ್ರಾಪ್ತವಾಗುತ್ತದೆ. ಮಾಸಿ ಮೊದಲನೆಯದನ್ನು ಕೇಳಿಯಾಗಿದೆ. ಎರಡನೆಯದಕ್ಕೆ ಜಾತಕ ತರಿಸುತ್ತಿದ್ದಾರೆ.