ಅವ್ವನ ರಿಟೈರ್‌ಮೆಂಟು

ಹಾಲೆಂಡಿಗೆ ಬಂದು ನೆಲೆಸಿದ ಕನ್ನಡದ ಐಟಿ ಮಂದಿಯನ್ನು ‘ಈ ದೇಶ ನಿಮಗೆ ಯಾಕೆ ಹಿಡಿಸಿತು’ ಎಂದು ಕೇಳಿ ನೋಡಿ. ಸೈಕಲ್ ದಾರಿ, ಮಕ್ಕಳ ಶಾಲೆ, ಬೇಸಿಗೆಯಲ್ಲಿ ರಾತ್ರಿ ಹತ್ತಾದರೂ ಮುಳುಗದ ಸೂರ್ಯ ಎಂದು ಸಭ್ಯವಾಗಿಯೇ ಶುರುಮಾಡುತ್ತಾರೆ. ಎರಡನೇ ಕಪ್ ಕಾಫಿಗೆ ನಿಜ ಹೊರಬೀಳುತ್ತದೆ: ಹೊರದೇಶದಿಂದ ಕರೆಸಿಕೊಂಡ ನುರಿತ ನೌಕರರಿಗೆ ಐದು ವರ್ಷ ಸಂಬಳದ ಶೇಕಡಾ 30ರವರೆಗೆ ತೆರಿಗೆ ಇಲ್ಲ. 2027ರಿಂದ ಈ 30 ಎಂಬುದು 27 ಆಗುತ್ತದೆ ಎಂದು ಗೊತ್ತಾದ ದಿನ ನಾವಿರುವ ಆಮ್ಸ್ಟೆಲ್ವೀನಿನ ಕನ್ನಡದವರ ಮನೆಗಳಲ್ಲಿ ಸೂತಕದ ಕಳೆಯಿತ್ತು. ಆ ಮೂರು ಪರ್ಸೆಂಟು ಕಳಕೊಂಡವರನ್ನು ಮಾತಾಡಿಸಲು ಒಬ್ಬರ ಮನೆಗೆ ಒಬ್ಬರು ಹೋಗಿಬಂದರು.

ಇದು ದುಡಿಯುವವರ ಕತೆಯಾಯಿತು. ದುಡಿದು ಮುಗಿಸಿದವರಿಗೆ, ಅಂದರೆ ನಮ್ಮ ಅಪ್ಪ–ಅವ್ವಂದಿರಿಗೆ, ಈ ದೇಶ ಕೊಡುವುದು 180 ದಿನದಲ್ಲಿ 90 ದಿನ. ಅಷ್ಟರಲ್ಲೇ ಟುಲಿಪ್ ನೋಡಬೇಕು, ಮೊಮ್ಮಕ್ಕಳಿಗೆ ಮಗ್ಗಿ ಕಲಿಸಬೇಕು, ಸೊಸೆಯ ಫ್ರಿಜ್ಜು ಸರಿಮಾಡಬೇಕು. ಜಗಳೂರು ತಾಲ್ಲೂಕಿನ ನಮ್ಮೂರು ಬಿಳಿಚೋಡಿನಿಂದ ಇಬ್ಬರನ್ನೂ ಕರೆಸುವಾಗ ವೀಸಾ ಅರ್ಜಿಯ ಉದ್ಯೋಗದ ಕಾಲಮ್ಮಿನಲ್ಲಿ ಅಪ್ಪನಿಗೆ ‘ನಿವೃತ್ತ ಹೆಡ್‌ಮಾಸ್ಟರ್’ ಎಂದು ತುಂಬಿದೆ. ಅವ್ವನಿಗೆ ‘ಗೃಹಿಣಿ’ ಎಂದು ತುಂಬಿದೆ. ಅವಳು ಕನ್ನಡಕ ಏರಿಸಿ ನೋಡಿ, ‘ಅಪ್ಪಂಗೆ ನಿವೃತ್ತ ಅಂತ ಐತೆ, ನಂಗೆ ಯಾಕಿಲ್ಲ?’ ಅಂದಳು. ಅಪ್ಪ ನಕ್ಕರು. ನಾನೂ ನಕ್ಕೆ.

ಬಂದಿಳಿದ ಕೂಡಲೇ ಅಪ್ಪನಿಗೆ ಹಿಡಿಸಿದ್ದು ಸ್ಕಿಪೋಲ್ ವಿಮಾನ ನಿಲ್ದಾಣ. ಅದಿರುವುದು ಸಮುದ್ರಮಟ್ಟಕ್ಕಿಂತ ಮೂರು ಮೀಟರಿಗೂ ಹೆಚ್ಚು ತಗ್ಗಿನಲ್ಲಿ, ಹಾರ್ಲೆಮರ್ಮೇರ್ ಎಂಬ ದೊಡ್ಡ ಸರೋವರದ ಅಂಗಳದಲ್ಲಿ. 1849ರಿಂದ 1852ರವರೆಗೆ ಮೂರು ಕಡೆ ಉಗಿ ಪಂಪು ಕೂರಿಸಿ ಅಷ್ಟೂ ನೀರನ್ನು ಎತ್ತಿ ಹೊರಹಾಕಿದ್ದರು. ಅಪ್ಪ ಕೈಗಾಡಿ ನಿಲ್ಲಿಸಿ ನೆಲವನ್ನೇ ನೋಡಿದರು. ‘ಕೆರೆ ಒಣಗಿಸಿ ವಿಮಾನ ಇಳಿಸ್ಯಾರಲ್ಲೋ! ನಮ್ಮ ತಾಲ್ಲೂಕಿನಾಗೆ ಕೆರೆ ತಾವೇ ಒಣಗಿದ್ವು. ವಿಮಾನ ಒಂದು ಬರಲಿಲ್ಲ.’

ಜಗಳೂರು ತಾಲ್ಲೂಕಿನವರಿಗೆ ಇದು ನಗುವ ಮಾತಲ್ಲ. ತುಂಗಭದ್ರೆಯ ನೀರನ್ನು ಪೈಪಿನಲ್ಲಿ ತಂದು 57 ಕೆರೆ ತುಂಬಿಸುವ ಯೋಜನೆಗೆ ವರ್ಷಗಟ್ಟಲೆ ಕಾದವರು ನಾವು. ಇಲ್ಲಿಯವರು ನೀರನ್ನು ಹೊರಗೆ ತಳ್ಳಲೆಂದೇ ಹದಿಮೂರನೇ ಶತಮಾನದಿಂದ ನೀರಿನ ಮಂಡಳಿ ಕಟ್ಟಿಕೊಂಡು, ಈಗಲೂ ಅದಕ್ಕೆ ಚುನಾವಣೆ ನಡೆಸುತ್ತಾರೆ. ಅಪ್ಪ ದಿನಾ ಸಂಜೆ ಕಾಲುವೆ ದಂಡೆಗೆ ಹೋಗಿ ನೀರನ್ನು ಆಸೆಗಣ್ಣಿನಿಂದ ನೋಡಿ ಬರುತ್ತಿದ್ದರು. ಆದರೆ ನೋಡಿದ್ದನ್ನು ಹೇಳಿಕೊಳ್ಳಲು ಜನ ಬೇಕಲ್ಲ! ಬಿಳಿಚೋಡಿನಲ್ಲಿ ಬಸ್‌ಸ್ಟ್ಯಾಂಡಿನಿಂದ ಮನೆಗೆ ಬರುವಷ್ಟರಲ್ಲಿ ‘ನಮಸ್ಕಾರ ಸಾ’ಗಳ ಸುರಿಮಳೆ. ಅವರಲ್ಲಿ ಅರ್ಧ ಮಂದಿ ಇವರ ಕೈಲಿ ಏಟು ತಿಂದವರು. ಇಲ್ಲಿ ಎದುರಾದವರೆಲ್ಲ ‘ಹೋಯ್’ ಎಂದು ಕೈ ಎತ್ತಿ ಸೈಕಲ್ಲಿನಲ್ಲಿ ಮಾಯ. ಮೇಷ್ಟ್ರಿಗೆ ಯಾರಾದರೂ ‘ಹೋಯ್’ ಅನ್ನುವುದುಂಟೇ? ಎರಡೇ ವಾರಕ್ಕೆ ಅಪ್ಪ ವಾಪಸ್ ಟಿಕೆಟ್ಟಿನ ತಾರೀಖು ಕೇಳತೊಡಗಿದರು.

ಅವ್ವ ಕೇಳಲಿಲ್ಲ.

ಅದರ ಹಿನ್ನೆಲೆ ಹೇಳಬೇಕು. ದಾವಣಗೆರೆಯಿಂದ ಜಗಳೂರಿಗೆ ಹೋಗುವ ದಾರಿಯಲ್ಲಿ ಬಿಳಿಚೋಡು ಸಿಗುತ್ತದೆ. ಬಸ್ಸಿನಲ್ಲಿ ಕೂತ ನಂಟರಿಗೆ ಅಲ್ಲಿಗೆ ಬರುವಾಗಲೇ ಹಸಿವಾಗುತ್ತದೆ. ‘ಹಿಂಗೇ ಹೊಂಟಿದ್ವಿ, ನೋಡ್ಕೊಂಡು ಹೋಗಾನ ಅಂತ ಇಳಿದ್ವಿ’ ಎಂದು ಹೊಸ್ತಿಲು ದಾಟುತ್ತಾರೆ. ‘ಊಟ ಏನೂ ಬ್ಯಾಡ, ಬರೇ ಚಾ’ ಎನ್ನುತ್ತಾರೆ. ಚಾ ಕುಡಿಯುತ್ತ ರೊಟ್ಟಿ ಬಡಿಯುವ ಸದ್ದಿಗೆ ಕಾಯುತ್ತಾರೆ. ಮೇಷ್ಟ್ರು ಜಗಲಿಯಲ್ಲಿ ಕೂತು ‘ಏನೇ, ಇನ್ನಿಬ್ಬರು ಬಂದ್ರು’ ಎಂದು ಒಳಗೆ ಒಂದು ಮಾತು ಎಸೆದರೆ ಅತಿಥಿ ಸತ್ಕಾರದಲ್ಲಿ ಅವರ ಪಾಲು ಮುಗಿಯಿತು. ಇನ್ನಿಬ್ಬರಿಗೆ ಸಾರು ಸಾಲುವಂತೆ ಮಾಡುವುದು ಅವ್ವನ ಪಾಲು.

ಈಗ ಆಮ್ಸ್ಟೆಲ್ವೀನಿಗೆ ಬನ್ನಿ. ಇಲ್ಲಿ ಮುಂಚೆ ಹೇಳದೆ ಒಬ್ಬರ ಮನೆಗೆ ಒಬ್ಬರು ಹೋಗುವಂತಿಲ್ಲ. ಡೈರಿ ತೆಗೆದು, ಮುಂದಿನ ತಿಂಗಳ ಒಂದು ಭಾನುವಾರ ಹುಡುಕಿ, ಎರಡರಿಂದ ನಾಲ್ಕು ಎಂದು ಗೊತ್ತುಮಾಡಬೇಕು. ಪಕ್ಕದ ಮನೆಯ ಎಂಬತ್ತರ ಅಜ್ಜಿ ತನ್ನ ಹುಟ್ಟುಹಬ್ಬಕ್ಕೆ ನಮ್ಮನ್ನು ಹಾಗೇ ಕರೆದಿದ್ದಳು. ದುಂಡಗೆ ಕುರ್ಚಿ ಹಾಕಿತ್ತು. ಬಂದವರು ಅಜ್ಜಿಗಷ್ಟೇ ಅಲ್ಲದೆ ಕೂತವರಿಗೆಲ್ಲ ಕೈಕುಲುಕಿ ಅಭಿನಂದನೆ ಹೇಳುತ್ತಿದ್ದರು. ಇಲ್ಲಿಯ ಪದ್ಧತಿಯೇ ಹಾಗೆ. ನಿವೃತ್ತಿಯಾದ ಮೇಲೆ ಸನ್ಮಾನವೇ ಕಾಣದಿದ್ದ ಅಪ್ಪ ಖುಷಿಯಾಗಿ ಎದ್ದು ನಿಂತು ನಾಲ್ಕು ಮಾತಾಡಿಯೇ ಬಿಟ್ಟರು. ಕನ್ನಡದ ಭಾಷಣಕ್ಕೆ ಡಚ್ಚರು ಚಪ್ಪಾಳೆ ತಟ್ಟಿದರು. ಆಮೇಲೆ ಬಚ್ಚಲಿಗೆ ಹೋದವರು ಗಾಬರಿಯಾಗಿ ಬಂದರು: ‘ಅಲ್ಲೋ, ಯಾರ್‍ಯಾರು ಯಾವತ್ತು ಹುಟ್ಟಿದ್ರು ಅನ್ನೋ ಕ್ಯಾಲೆಂಡರ್ ಪಾಯಖಾನೆ ಗ್ವಾಡೆಗೆ ನೇತುಹಾಕ್ಯಾರೆ!’ ಅದೂ ಇಲ್ಲಿಯ ಪದ್ಧತಿಯೇ.

ಅವ್ವ ನೋಡುತ್ತಿದ್ದುದು ಬೇರೆ. ಕಾಫಿ ಬಂತು, ಒಂದೊಂದು ತುಂಡು ಕೇಕು ಬಂತು, ಡಬ್ಬಿ ಮುಚ್ಚಿತು. ನಾಲ್ಕಕ್ಕೆ ಎಲ್ಲರೂ ಎದ್ದು ಕೋಟು ಹಾಕಿಕೊಂಡರು. ಅಜ್ಜಿ ‘ಇರ್ರಿ, ಊಟ ಮಾಡ್ಕೊಂಡು ಹೋಗ್ರಿ’ ಎನ್ನಲಿಲ್ಲ, ಯಾರಿಗೂ ಬೇಜಾರಾಗಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಅವ್ವ, ‘ಊಟದ ಹೊತ್ತಿಗೆ ಬಂದೋರೆಲ್ಲ ಎದ್ದು ಹೋದ್ರಲ್ಲೋ’ ಎಂದು ಮೂರು ಸಲ ಹೇಳಿದಳು. ಅಪ್ಪ ಅದನ್ನು ಡಚ್ಚರ ಜಿಪುಣತನ ಎಂದು ತೀರ್ಮಾನಿಸಿದರು. ಅವ್ವನ ಮುಖ ಕೊಟ್ಟೂರು ತೇರು ಕಂಡು ಬಂದವಳಂತೆ ಬೆಳಗುತ್ತಿತ್ತು.

ಅಲ್ಲಿಂದ ಮುಂದೆ ಅವಳಿಗೆ ಈ ದೇಶದಲ್ಲಿ ಹಿಡಿಸದ್ದೇ ಇರಲಿಲ್ಲ. ಮಧ್ಯಾಹ್ನ ಬ್ರೆಡ್ಡು–ಚೀಸು ತಿಂದು ಮುಗಿಸುವ ಊರು, ಒಲೆ ಹಚ್ಚುವುದು ಸಂಜೆ ಒಂದೇ ಸಲ. ಅಂಗಡಿಯಲ್ಲಿ ಲೀಟರುಗಟ್ಟಲೆ ಮಜ್ಜಿಗೆ ಪೊಟ್ಟಣದಲ್ಲೇ ಸಿಗುತ್ತದೆ, ಕಡೆಯಬೇಕಿಲ್ಲ. ವಾರಕ್ಕೊಂದು ದಿನ ರಜೆ ಹಾಕಿ ಮಕ್ಕಳನ್ನು ನೋಡಿಕೊಳ್ಳುವ ಗಂಡಸರು ಇಲ್ಲಿ ಬೇಕಾದಷ್ಟು, ನಾನೂ ಅದರಲ್ಲೊಬ್ಬ. ನಾನು ನೆಲ ಒರೆಸುವಾಗ ಅವ್ವ ಕಾಲು ಮೇಲೆತ್ತಿಕೊಂಡು ಸೋಫಾದಲ್ಲಿ ಕೂತು, ‘ರೀ, ನೋಡ್ರಿ’ ಎನ್ನುತ್ತಿದ್ದಳು. ಅಪ್ಪ ಪೇಪರಿನಿಂದ ಮುಖ ಎತ್ತುತ್ತಿರಲಿಲ್ಲ. ಅದು ಡಚ್ ಪೇಪರು.

ಹೊರಡುವ ವಾರ ಅವ್ವನಿಗೆ ಒಂದು ಅನುಮಾನ ಹುಟ್ಟಿತು. ‘ಪಕ್ಕದ ಮನೆ ಅಜ್ಜಿ ಮದುವೆ ಆದ್ಮೇಲೆ ನೌಕರಿ ಮಾಡಿಲ್ಲ ಅಂತೀಯ. ದುಡ್ಡಿಗೇನು ಮಾಡ್ತಾಳೆ?’

ವಿವರಿಸಿದೆ. ಇಲ್ಲಿ ಎಲ್ಲರಿಗೂ ಸರ್ಕಾರದ ವೃದ್ಧಾಪ್ಯ ಪೆನ್ಷನ್ ಉಂಟು. ಈಗ 67 ತುಂಬಿದ ಮೇಲೆ ಬರುತ್ತದೆ. ನೌಕರಿ ಮಾಡಿರಬೇಕೆಂದಿಲ್ಲ, ಈ ದೇಶದಲ್ಲಿ ಬಾಳಿದ್ದರೆ ಸಾಕು. ಒಂದು ವರ್ಷಕ್ಕೆ ಎರಡು ಪರ್ಸೆಂಟ್, ಐವತ್ತು ವರ್ಷಕ್ಕೆ ಪೂರ್ತಿ.

‘ಮನೇಲಿ ಅಡಿಗೆ ಮಾಡ್ಕೊಂಡಿದ್ದೋರಿಗೂ?’

‘ಅವರಿಗೂ.’

‘ಗಂಡನ ಹೆಸರಿಗೋ, ತನ್ನ ಹೆಸರಿಗೋ?’

‘ತನ್ನ ಹೆಸರಿಗೇ ಅವ್ವ.’

ಅವ್ವ ಸುಮ್ಮನಾದಳು. ಊರಲ್ಲಿ ಗೃಹಲಕ್ಷ್ಮಿ ಯೋಜನೆಯ ಎರಡು ಸಾವಿರವೂ ಅವಳಿಗೆ ದಕ್ಕಿರಲಿಲ್ಲ. ಗಂಡ ಆದಾಯ ತೆರಿಗೆ ಕಟ್ಟುವವನೆಂದು ಹೆಸರೇ ಸೇರಿರಲಿಲ್ಲ. ಬೆರಳು ಮಡಿಚಿ ಎಣಿಸತೊಡಗಿದಳು. ಲೆಕ್ಕದ ಮೇಷ್ಟ್ರನ್ನು ಕಟ್ಟಿಕೊಂಡು 47 ವರ್ಷ ಬಾಳಿದ್ದು ವ್ಯರ್ಥವಾಗಿರಲಿಲ್ಲ.

‘ತೊಂಬತ್ನಾಕು ಪರ್ಸೆಂಟ್’ ಅಂದಳು. ‘ರೀ, ನಿಮ್ಮ ಪೆನ್ಷನ್ ಒಂದನೇ ತಾರೀಖಿಗೆ ಬರ್ತೈತಲ್ಲ?’

ಅಪ್ಪ ಮೊದಲ ಬಾರಿಗೆ ಪೇಪರು ಕೆಳಗಿಟ್ಟು, ಇಲ್ಲಿ ಇನ್ನೂ ಎಷ್ಟು ದಿನ ಉಳಿಯಬಹುದೆಂದು ನನ್ನನ್ನು ಕೇಳಿದರು.