ಆನ್‌ಲೈನ್ ಅಣ್ಣ

ಕೂಡಲಸಂಗಮ ಕ್ರಾಸಿನಲ್ಲಿ ಬಸ್ಸಿಳಿದವರಿಗೆ ಸಂಗಮನಾಥನಿಗಿಂತ ಮೊದಲು ದರ್ಶನ ಕೊಡುವವನು ಆನ್‌ಲೈನ್ ಅಣ್ಣ. ಹತ್ತಡಿ ಅಂಗಡಿ, ಒಂದು ಕಂಪ್ಯೂಟರು, ಒಂದು ಜೆರಾಕ್ಸ್ ಮಷೀನು, ಹೊರಗೊಂದು ಬೆಂಚು. ಪಿಯುಸಿ ಫಲಿತಾಂಶ ಬಂತೆಂದರೆ ಜಮಖಂಡಿಯ ವಿಶ್ವವಿದ್ಯಾಲಯದಲ್ಲಿ ಕೂತ ಕುಲಪತಿಗಳಿಗಿಂತ ಇವನೇ ದೊಡ್ಡವನು. ಅವರು ಪದವಿ ಕೊಡಬಲ್ಲರು. ಅರ್ಜಿ ಹಾಕಿಕೊಡುವವರು ಯಾರು?

ಪದವಿ ಪ್ರವೇಶ 2021-22ರಿಂದ ಯುಯುಸಿಎಂಎಸ್ ಪೋರ್ಟಲಿಗೆ ಬಂತು. ಇನ್ನು ಕಾಲೇಜಿನ ಕಿಟಕಿ ಮುಂದೆ ಪಾಳಿ ಹಚ್ಚಬೇಕಿಲ್ಲ ಎಂದರು. ನಿಜವೇ, ಪಾಳಿ ಈಗ ಅಣ್ಣನ ಬೆಂಚಿನ ಮುಂದಿದೆ. ಸಿಇಟಿಗೊಂದು ಪಾಸ್‌ವರ್ಡು, ವಿದ್ಯಾರ್ಥಿವೇತನದ ಎಸ್‌ಎಸ್‌ಪಿಗೆ ಇನ್ನೊಂದು. ಎಲ್ಲವೂ ಅವನ ಉದ್ದನೆಯ ನೋಟ್‌ಬುಕ್ಕಿನಲ್ಲಿ ಭದ್ರ. ಅರ್ಧ ಊರಿನ ಮಕ್ಕಳಿಗೆ 'ಸಂಗಮೇಶ@123' ಒಂದೇ. "ಯಾರಿಗೂ ಹೇಳಬ್ಯಾಡ" ಎಂದು ಒಬ್ಬೊಬ್ಬರ ಕಿವಿಯಲ್ಲೂ ಹೇಳಿರುತ್ತಾನೆ.

ಹೆಸರಿನದೇ ದೊಡ್ಡ ಗೋಳು. ಇಲ್ಲಿ ಮನೆಗೊಬ್ಬ ಸಂಗಪ್ಪ, ಸಂಗವ್ವ, ಸಂಗಮೇಶ. ಆಧಾರಿನಲ್ಲಿ ಸಂಗಪ್ಪನಾದವ ಮಾರ್ಕ್ಸ್ ಕಾರ್ಡಿನಲ್ಲಿ ಸಂಗಮೇಶ. ಪೋರ್ಟಲಿಗೆ ಇವರಿಬ್ಬರ ಪರಿಚಯವೇ ಇಲ್ಲ. ಅಣ್ಣ ಮೌಸಿನಿಂದ ಕೈ ತೆಗೆದು ಹೇಳುತ್ತಾನೆ: "ಕೂಡಲಸಂಗಮದೇವ ಅನ್ನೋ ವಚನದ ಅಂಕಿತ ಬದಲಿಸಿದ ವ್ಯಾಜ್ಯ ಸುಪ್ರೀಂ ಕೋರ್ಟ್ ತನಕಾ ಹೋತು. ಅದೂ 2017ಕ್ಕ ಮುಗೀತು. ನಿಮ್ಮ ಹುಡುಗನ ಇನಿಶಿಯಲ್ಲು ಯಾವಾಗ ಮುಗೀತೈತೋ!"

ಇನ್ನು ಓಟಿಪಿ. ಅದು ಹೋಗುವುದು ಗೋವಾಕ್ಕೆ ದುಡಿಯಲು ಹೋದ ಅಪ್ಪನ ಮೊಬೈಲಿಗೆ.

"ಕಾಕಾ, ನಂಬರ್ ಬಂತೇನ್ರಿ?"

"ಬಂದೈತಪಾ, ತಡಿ, ಚಾಳೀಸ ಹುಡುಕ್ತೀನಿ."

"ಲಗೂನ ಹೇಳ್ರಿ."

"ನಾಕು... ಎಂಟು... ಊರಾಗ ಮಳಿ ಹೆಂಗೈತಿ?"

ಮಳೆಯ ವಿಚಾರ ಮುಗಿಯುವಷ್ಟರಲ್ಲಿ ಓಟಿಪಿಯ ಆಯುಷ್ಯ ಮುಗಿದಿರುತ್ತದೆ.

ಆದರೆ ಅಣ್ಣನ ನಿಜವಾದ ವಿದ್ವತ್ತು ಕಾಣುವುದು ಫೀ ತುಂಬುವಾಗ. ಚಕ್ರ ತಿರುಗುವಾಗ ಅಂಗಡಿಯಲ್ಲಿ ಯಾರೂ ಕೆಮ್ಮಕೂಡದು. ಒಮ್ಮೆ ಒಬ್ಬ ತಾಯಿಯ ಖಾತೆಯಿಂದ ರೊಕ್ಕ ಕಟ್ಟಾಯಿತು, ಪೋರ್ಟಲು ಬಂದಿಲ್ಲವೆಂದಿತು.

"ಬ್ಯಾಂಕಿಂದ ಹೊಂಟೈತಿ ಯವ್ವಾ, ಕಾಲೇಜಿಗೆ ಮುಟ್ಟಿಲ್ಲ."

"ಹಂಗಾರ ಬಸ್ಸಿನ್ಯಾಗ ಐತೇನು?"

ಆ ತಾಯಿ ಮತ್ತೆ ತುಂಬಲು ಸೆರಗಿನ ಗಂಟು ಬಿಚ್ಚಿದರೆ ಅಣ್ಣ ಬಿಡಲಿಲ್ಲ. ಯುಪಿಐಯಲ್ಲಿ ಹೀಗೆ ನಡುವೆ ಸಿಕ್ಕಿದ ಹಣ ಐದು ದಿನದೊಳಗೆ ತಾನೇ ಮರಳಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಎಂಬ 2019ರ ರಿಸರ್ವ್ ಬ್ಯಾಂಕ್ ಸುತ್ತೋಲೆ ಅವನಿಗೆ ಬಾಯಿಪಾಠ. ವ್ಯವಹಾರದ ನಂಬರನ್ನು ಚೀಟಿಯಲ್ಲಿ ಬರೆದು ಆಕೆಯ ಕೈಗಿಟ್ಟ. ಪೋರ್ಟಲಿನ ಪರದೆಯ ಮೇಲೆ ಆ ಸುತ್ತೋಲೆಯ ಎರಡು ಸಾಲು ಕನ್ನಡದಲ್ಲಿ ಬರೆದಿದ್ದರೆ ಆಕೆಯ ಎದೆ ಅಷ್ಟು ಹೊಡೆದುಕೊಳ್ಳುತ್ತಿರಲಿಲ್ಲ.

ಸುಧಾರಣೆಯ ಯೋಜನೆಯೂ ಅವನಲ್ಲಿದೆ. "ಎಸ್ಸೆಸ್ಸೆಲ್ಸಿ ನಂಬರ್ ಹೊಡದ್ರ ಎಲ್ಲಾ ಸರ್ಕಾರದ ಹತ್ರನ ಸಿಗತೈತ್ರಿ. ಹುಟ್ಟಿದ ದಿನ ಮತ್ತ ಮತ್ತ ಯಾಕ ಕೇಳ್ತಾರ? ಬದಲಾಗಿರ್ತೈತೇನು? ಒಂದ ಅಕ್ಷರ ತಪ್ಪಿದ್ರ ಅಷ್ಟ ತಿದ್ದಾಕ ಬಿಡಬೇಕು." ಅರ್ಜಿ ನಮೂನೆ ಮಾಡುವವರು ಒಂದು ಜೂನ್ ತಿಂಗಳು ಅವನ ಬೆಂಚಿನ ಮೇಲೆ ಕೂತೆದ್ದರೆ ಸಮಿತಿಗಿಮಿತಿಯ ಖರ್ಚು ಉಳಿಯುತ್ತದೆಂದು ನನಗೂ ಅನಿಸಿದೆ.

"ಎಲ್ಲಾ ಸರಳ ಆದ್ರ ನಿನ್ನ ಅಂಗಡಿ ಗತಿ?" ಎಂದೆ.

"ಯಾಕ್ರೀ? ಆನ್‌ಲೈನ್ ಹಾಕಿದ್ದನ್ನ ಪ್ರಿಂಟ್ ತಗದು, ಮೂರ್ ಸೆಟ್ ಜೆರಾಕ್ಸ್ ಹಚ್ಚಿ ಕಾಲೇಜಿಗೆ ಕೊಡಬೇಕಲ್ರೀ!"